ಮಿಶ್ರಿಕೋಟಿಯ ಒಲೆಗಳ ಚರಿತ್ರೆ

ಊರಿನ ಚರಿತ್ರೆ ಬರೆಯುವವರು ಕೋಟೆ, ದೇಸಾಯಿ, ಪೇಶವೆ ಎಂದು ಶುರು ಮಾಡುತ್ತಾರೆ. ಆ ಬರಹದಲ್ಲಿ ಹೆಂಗಸರು ಬರುವುದೇ ಕಡಿಮೆ. ನಾನು ಮಿಶ್ರಿಕೋಟಿಗೆ ಸೊಸೆಯಾಗಿ ಬಂದವಳು, ಇಲ್ಲಿನ ಮಕ್ಕಳಿಗೆ ಅಕ್ಷರ ಕಲಿಸಿದ ಅಕ್ಕೋರು. ನಾನು ಕಂಡಂತೆ ಈ ಊರಿನ ದೊಡ್ಡ ಬದಲಾವಣೆ ಆದದ್ದು ಒಲೆಯಲ್ಲಿ. ಯಾವ ಉರುವಲು ಯಾರ ಮನೆಗೆ ಮೊದಲು ಬಂತು, ಯಾರ ಮನೆಯಲ್ಲಿ ಉಳಿಯಿತು ಎಂದು ಕೇಳುತ್ತ ಹೋದರೆ ಊರಿನ ಜಮೀನು, ದುಡ್ಡು, ಹೆಂಗಸರ ಕಣ್ಣು, ಎಲ್ಲದರ ಲೆಕ್ಕ ಸಿಗುತ್ತದೆ.

ನನ್ನ ತವರು ನವಲಗುಂದದ ಕಡೆ. ಅದು ಎರೆಸೀಮೆ, ಕಣ್ಣು ಹಾಯುವಷ್ಟು ದೂರ ಹೊಲ, ಗಿಡಮರ ವಿರಳ. ಅಲ್ಲಿ ಅಡುಗೆಗೆ ಹತ್ತಿ ಕಟಿಗೆ ಮತ್ತು ಕುಳ್ಳು. ಹತ್ತಿ ಬಿಡಿಸಿ ಮುಗಿದ ಮೇಲೆ ಕಟಿಗೆ ಕಿತ್ತು ಹಿತ್ತಲಲ್ಲಿ ಒಟ್ಟುವುದು, ಮಳೆಗಾಲಕ್ಕೆ ಮೊದಲೇ ಕುಳ್ಳು ಬಡಿದು ಒಣಗಿಸಿ ಬಣವಿಯಂತೆ ಒಟ್ಟಿ ಮೇಲೆ ಸಗಣಿ ಸಾರಿಸುವುದು ಹೆಣ್ಣುಮಕ್ಕಳ ಕೆಲಸ. ಮಿಶ್ರಿಕೋಟಿ ಇರುವ ಕಲಘಟಗಿ ಸೀಮೆಗೆ ಬಂದ ಮೇಲೆ ಉರುವಲು ಬೇರೆಯಾಯಿತು. ಈ ತಾಲ್ಲೂಕು ಪಶ್ಚಿಮಕ್ಕೆ ಹೋದಂತೆ ಅಡವಿಯಾಗುತ್ತದೆ, ಹೊಲಗಳಲ್ಲಿ ಭತ್ತ ಕಾಣುತ್ತದೆ. ಹೀಗಾಗಿ ಇಲ್ಲಿ ಒಲೆಗೆ ಕಟ್ಟಿಗೆ. ಆದರೆ 1878ರ ಅರಣ್ಯ ಕಾನೂನಿನ ನಂತರ ಅಡವಿ ಸರ್ಕಾರದ್ದಾಯಿತು. ಅಂದಿನಿಂದ ಕಟ್ಟಿಗೆ ಹೊರೆಗೆ ಹೋದ ಹೆಂಗಸು ಗಾರ್ಡಿಗೆ ಹೆದರುತ್ತಲೇ ಮನೆಗೆ ಬರಬೇಕಾಯಿತು. ನಮ್ಮ ಅತ್ತೆ ಹೇಳುತ್ತಿದ್ದರು: “ತಲಿ ಮ್ಯಾಲಿನ ಹೊರಿಗಿಂತ ಎದಿಯೊಳಗಿನ ಅಂಜಿಕಿ ಭಾರ ಇತ್ತವ್ವಾ.”

ಮನೆಯೊಳಗೆ ಊದುಗೊಳವಿ, ಹೊಗೆ, ಮಾಡಿನ ಬೆಳಕಿಂಡಿ. ಆ ಬೆಳಕಿಂಡಿಯಿಂದ ಬೆಳಕು ಒಳಗೆ ಬರುತ್ತಿತ್ತು, ಹೊಗೆ ಮಾತ್ರ ಪೂರ್ತಿ ಹೊರಗೆ ಹೋಗುತ್ತಿರಲಿಲ್ಲ. ಜೋಳದ ರೊಟ್ಟಿಗೆ ಉರಿ ಜೋರಾಗಿರಬೇಕು, ಬಡಿಯುವವಳು ಒಲೆಯ ಬಾಯಿಗೇ ಕೂರಬೇಕು. ಐವತ್ತು ದಾಟುವ ಮೊದಲೇ ಕಣ್ಣು ಮಬ್ಬಾಗಿ, ಕೆಮ್ಮು ಹಿಡಿದ ಹೆಂಗಸರು ಪ್ರತಿ ಓಣಿಯಲ್ಲಿದ್ದರು. ಅದನ್ನು ವಯಸ್ಸಿನ ಕಾಯಿಲೆ ಎಂದೇ ಎಲ್ಲರೂ ತಿಳಿದಿದ್ದರು.

ಆಮೇಲೆ ಬಂದದ್ದು ಚಿಮಣಿ ಎಣ್ಣೆಯ ಸ್ಟೋ. ರೇಶನ್ ಅಂಗಡಿಯ ಲೀಟರು ದೀಪಕ್ಕೇ ಸಾಲದಿದ್ದಾಗ ಅಡುಗೆಗೆ ಎಲ್ಲಿಂದ ಬರಬೇಕು? ಸ್ಟೋ ಹೊತ್ತುತ್ತಿದ್ದದ್ದು ಬೀಗರು ಬಂದಾಗ ಚಹಾಕ್ಕೆ, ಕೂಸಿಗೆ ಹಾಲು ಕಾಸಲಿಕ್ಕೆ.

ನಮ್ಮ ಹಳ್ಳಿಗಳು ತಾವೇ ಹುಟ್ಟಿಸಿಕೊಂಡ ಒಂದೇ ಗ್ಯಾಸು ಗೋಬರ್ ಗ್ಯಾಸು. 1981-82ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ರಾಷ್ಟ್ರೀಯ ಯೋಜನೆ ತಂದು ಸಹಾಯಧನ ಕೊಟ್ಟಿತು. ಸಗಣಿಗೆ ಸಮ ನೀರು ಕಲಸಿ ಗುಂಡಿಗೆ ಬಿಟ್ಟರೆ ಗಾಳಿಯಿಲ್ಲದ ಕತ್ತಲೆಯಲ್ಲಿ ಅದು ಕೊಳೆತು ಮೀಥೇನ್ ಬಿಡುತ್ತದೆ. ಉಳಿದ ರಾಡಿ ಹೊಲಕ್ಕೆ ಒಳ್ಳೆಯ ಗೊಬ್ಬರ. ಇಂದು ಸಮುದ್ರ ದಾಟಿ ಬರುವ ನೈಸರ್ಗಿಕ ಅನಿಲದ ಮುಖ್ಯ ಭಾಗವೂ ಇದೇ ಮೀಥೇನ್. ನೆರೆಯ ಜಿಲ್ಲೆಯ ಶಿರಸಿ ತಾಲ್ಲೂಕಿನಲ್ಲಿ ಈ ಗುಂಡಿಗಳು ಚೆನ್ನಾಗಿ ನಡೆದವು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2001ರಲ್ಲಿ ಅದನ್ನು ಅಧ್ಯಯನ ಮಾಡಿ ಪ್ರಕಟಿಸಿದರು. ಕಟ್ಟಿಕೊಟ್ಟವರೇ ಕೆಟ್ಟಾಗ ಬಂದು ದುರಸ್ತಿ ಮಾಡುತ್ತಿದ್ದುದು ಆ ಯಶಸ್ಸಿಗೆ ದೊಡ್ಡ ಕಾರಣ. ಅದೇ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರವು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಇಡೀ ಊರಿಗೆ ಒಂದೇ ಗುಂಡಿ ಮಾಡಿತು. ಎಲ್ಲರ ಅಡುಗೆಗೆ ಸಾಲುವಷ್ಟು ಸಗಣಿ ಅಲ್ಲಿ ಸಿಗಲಿಲ್ಲ. ಹಾಗಾಗಿ ಇದ್ದ ಗ್ಯಾಸಿನಿಂದ ಎಂಜಿನ್ ನಡೆಸಿ 1987ರಿಂದ ಊರಿಗೆ ದೀಪ, ಕುಡಿಯುವ ನೀರು ಕೊಟ್ಟರು.

ನಮ್ಮ ಕಡೆ ಹೊಡೆತ ಬಿದ್ದದ್ದು ಕೊಟ್ಟಿಗೆಗೆ. ಟ್ರ್ಯಾಕ್ಟರ್ ಬಂತು, ಎತ್ತುಗಳು ಸಂತೆಗೆ ಹೋದವು. ಎತ್ತು ಹೋದ ಮೇಲೆ ಸಗಣಿ ಎಲ್ಲಿ? ಮೊದಲೇ ದನ ಇಲ್ಲದ ಕೂಲಿಯವರ ಮನೆಗೆ ಈ ಗ್ಯಾಸು ಎಂದೂ ಬಂದಿರಲಿಲ್ಲ. ಉಳ್ಳವರ ಹಿತ್ತಲಲ್ಲೂ ಗುಂಡಿ ಒಣಗಿತು.

ಅಷ್ಟರಲ್ಲಿ ಸಿಲಿಂಡರ್ ಪೇಟೆಯಿಂದ ಹೊರಟಿತ್ತು. ಬರ್ಮಾ ಶೆಲ್ ಕಂಪನಿ 1955ರಲ್ಲಿ ಮುಂಬೈಯಲ್ಲಿ ಮಾರಾಟ ಶುರು ಮಾಡಿತು, ಇಂಡೇನ್ 1965ರಲ್ಲಿ ಕೋಲ್ಕತ್ತದಲ್ಲಿ ಮೊದಲ ಮನೆಗೆ ಕೊಟ್ಟಿತು. ಹುಬ್ಬಳ್ಳಿಯಲ್ಲೇ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ನನಗೆ ನೆನಪಿದೆ. ಸಂಸದರ ಕೋಟಾದ ಚೀಟಿಗೆ ಜನ ಓಡಾಡುತ್ತಿದ್ದರು. ನಮ್ಮೂರಲ್ಲಿ ಮೊದಲು ತಂದವರು ನೌಕರಿಯವರು, ಅಂಗಡಿಯವರು. ತುಂಬಿದ ಸಿಲಿಂಡರ್ ಎಂದರೆ ಕಬ್ಬಿಣವೂ ಸೇರಿ ಸುಮಾರು ಮೂವತ್ತು ಕಿಲೊ. ಅದರೊಳಗೆ ಗ್ಯಾಸು 14.2 ಕಿಲೊ ಮಾತ್ರ. ಮನೆಗೆ ತಂದುಕೊಡುವ ಗಾಡಿ ಇಲ್ಲದ ದಿನಗಳಲ್ಲಿ ಸೈಕಲ್ಲಿಗೆ ಕಟ್ಟಿಕೊಂಡು ತರುತ್ತಿದ್ದರು. “ಗ್ಯಾಸಿನ ಅಡಿಗಿ ಉಂಡ್ರ ಹೊಟ್ಟ್ಯಾಗ ಗ್ಯಾಸ್ ಆಗ್ತೈತಿ” ಎಂದು ಹಿರಿಯರು ಅಂಜುತ್ತಿದ್ದರು, ರೊಟ್ಟಿಯನ್ನು ಕಟ್ಟಿಗೆ ಒಲೆಯ ಮೇಲೆಯೇ ಮಾಡಿಸುತ್ತಿದ್ದರು.

2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾಯಿತು. ಬಡವರ ಮನೆಯ ಹೆಣ್ಣುಮಗಳ ಹೆಸರಿಗೆ ಠೇವಣಿಯಿಲ್ಲದೆ ಕನೆಕ್ಷನ್ ಸಿಕ್ಕಿತು. ಮರುವರ್ಷ ರಾಜ್ಯ ಸರ್ಕಾರ ‘ಅನಿಲಭಾಗ್ಯ’ ಘೋಷಿಸಿತು. ತನ್ನ ಹೆಸರಿನ ಗ್ಯಾಸಿನ ಪುಸ್ತಕವನ್ನು ನನ್ನ ಹಳೆಯ ವಿದ್ಯಾರ್ಥಿನಿ ಓದಿ ತೋರಿಸಿದಾಗ ನನಗೆ ಆದ ಸಂತೋಷ ಹೇಳಲಾರೆ. ಆದರೆ 2022ರಲ್ಲಿ ಸಿಲಿಂಡರಿನ ಬೆಲೆ ಸಾವಿರ ರೂಪಾಯಿ ದಾಟಿತು. ಕೂಲಿಯ ಮನೆಯಲ್ಲಿ ಅಷ್ಟು ದುಡ್ಡು ಒಮ್ಮೆಗೇ ಇರುವುದಿಲ್ಲ. ಒಲೆಯ ಪಕ್ಕ ಖಾಲಿ ಸಿಲಿಂಡರ್ ನಿಂತಿತು, ಹೆಂಗಸು ಮತ್ತೆ ಕಟ್ಟಿಗೆಗೆ ಹೋದಳು. ಇದ್ದವರ ಮನೆಯಲ್ಲೂ ಬಚ್ಚಲ ಹಂಡೆಯ ಕೆಳಗೆ ಇಂದಿಗೂ ಕಟ್ಟಿಗೆಯೇ ಉರಿಯುತ್ತದೆ.

ಈಗ ಕೊಳವೆಯ ಗ್ಯಾಸಿನ ಸರದಿ. ಹಡಗಿನಲ್ಲಿ ಮೈನಸ್ 162 ಡಿಗ್ರಿಗೆ ತಣಿಸಿ ದ್ರವವಾಗಿ ತಂದ ಅನಿಲ ಮಹಾರಾಷ್ಟ್ರದ ದಾಭೋಳದಲ್ಲಿ ಮತ್ತೆ ಆವಿಯಾಗುತ್ತದೆ. ಅಲ್ಲಿಂದ ಬೆಂಗಳೂರಿನವರೆಗೆ ಗೇಲ್ ಕಂಪನಿ ಹಾಕಿದ ಕೊಳವೆ 2013ರಲ್ಲಿ ಚಾಲೂ ಆಯಿತು. ಅದು ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ಹಾದೇ ಹೋಗುತ್ತದೆ. ಧಾರವಾಡದ ನಗರ ಅನಿಲ ವಿತರಣೆಯ ಹೊಣೆ ಇಂಡಿಯನ್ ಆಯಿಲ್–ಅದಾನಿ ಗ್ಯಾಸ್ ಕಂಪನಿಗೆ ಸಿಕ್ಕಿತು. 2019ರ ಫೆಬ್ರುವರಿ 10ರಂದು ಹುಬ್ಬಳ್ಳಿಯಲ್ಲಿ ಪ್ರಧಾನಿ ಆ ಯೋಜನೆಯನ್ನು ಲೋಕಾರ್ಪಣೆ ಮಾಡಿದರು. ಹುಬ್ಬಳ್ಳಿ-ಧಾರವಾಡದ ಬಡಾವಣೆಗಳ ಗೋಡೆಗಳ ಮೇಲೆ ಈಗ ಮೀಟರ್ ಕಾಣುತ್ತವೆ. ಈ ಗ್ಯಾಸು ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಹೋಗುತ್ತದೆ. ಸಿಲಿಂಡರಿನದು ಭಾರ, ನೆಲಕ್ಕೆ ಇಳಿದು ಕೂಡುತ್ತದೆ. ಹಳೆಯ ಗ್ಯಾಸ್ ಒಲೆಗೆ ನಾಜಲ್ ಒಂದನ್ನು ಬದಲಿಸಿದರೆ ಸಾಕು.

ಬಡವರಿಗೆ ಕೊಳವೆಯ ಗ್ಯಾಸಿನಲ್ಲಿ ಇರುವ ದೊಡ್ಡ ಅನುಕೂಲ ಬೇರೆ: ಮೊದಲು ಉರಿಸಿ, ಉರಿಸಿದಷ್ಟಕ್ಕೇ ಆಮೇಲೆ ಕೊಡಬಹುದು. ಸಿಲಿಂಡರಿನ ದುಡ್ಡು ಒಟ್ಟುಗೂಡುವ ತನಕ ಒಲೆ ಕಾಯಬೇಕಿಲ್ಲ. ಹಳ್ಳಿಗೆ ಕೊಳವೆ ಹಾಕುವುದು ಲಾಭವಾಗದು, ಮನೆಗಳು ದೂರ ದೂರ ಎನ್ನುವವರಿಗೆ ನನ್ನ ಉತ್ತರ ಇದೆ. ಅದು ತೋಟದ ನಡುವೆ ಒಂಟಿ ಮನೆಯಿರುವ ಮಲೆನಾಡಿನ ಮಾತು. ನಮ್ಮ ಓಣಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ಹತ್ತಿವೆ. ಊರೊಳಗಿನ ಕೊಳವೆ ಗಿಡ್ಡದೇ. ಉದ್ದ ಇರುವುದು ಹುಬ್ಬಳ್ಳಿಯಿಂದ ಇಲ್ಲಿಗೆ ಬರುವ ದಾರಿಯದು, ಆ ದಾರಿಯಲ್ಲಿ ಬೇರೆ ಊರುಗಳೂ ಇವೆ. 2019ರಲ್ಲಿ ಜಲಜೀವನ ಮಿಷನ್ ಬಂದ ಮೇಲೆ ಹಳ್ಳಿಗಳ ಓಣಿಗಳನ್ನು ನಳಕ್ಕಾಗಿ ಅಗೆಯಲಾಯಿತು. ಗ್ಯಾಸಿಗೂ ಆಗಲೇ ಜಾಗ ಗುರುತು ಮಾಡಿದ್ದರೆ ಇನ್ನೊಮ್ಮೆ ಅಗೆಯುವ ಖರ್ಚು ಉಳಿಯುತ್ತಿತ್ತು.

ಇಷ್ಟು ಉರುವಲುಗಳ ಕಾಲ ಕಂಡ ಮೇಲೆ ನನಗೆ ಸ್ಪಷ್ಟವಾದದ್ದು ಇದು: ಕನೆಕ್ಷನ್ ಕೊಟ್ಟ ದಿನ ಗ್ಯಾಸು ಊರಿಗೆ ಬಂತು ಎಂದು ಬರೆಯುವುದು ತಪ್ಪು. ಕೂಲಿಯವಳು ಎರಡನೆಯ ವರ್ಷವೂ ಅದೇ ಒಲೆಯಲ್ಲಿ ರೊಟ್ಟಿ ಮಾಡುತ್ತಿದ್ದರೆ ಆಗ ಬಂತು ಎನ್ನಬೇಕು. ಹಾಗಾಗಿ ಪಂಚಾಯ್ತಿಯವರಲ್ಲಿ ನನ್ನ ವಿನಂತಿ ಮೂರು. ಮುಂದಿನ ಗ್ರಾಮಸಭೆಯಲ್ಲಿ ಕೊಳವೆಯ ಗ್ಯಾಸು ಬೇಕೆಂದು ಠರಾವು ಮಾಡಿ ಜಿಲ್ಲಾಧಿಕಾರಿಗೆ ಕಳಿಸಿರಿ. ಅದು ಬರುವ ತನಕ ದನ ಇರುವ ಮನೆಗಳ ಗೋಬರ್ ಗ್ಯಾಸಿನ ಗುಂಡಿಗಳನ್ನು ದುರಸ್ತಿ ಮಾಡಿಸಿರಿ. ಯಾರ ಮನೆಯ ಸಿಲಿಂಡರ್ ಖಾಲಿ ನಿಂತಿದೆ ಎಂದು ಓಣಿ ಓಣಿ ತಿರುಗಿ ಬರೆದುಕೊಳ್ಳಿರಿ; ಆ ಪಟ್ಟಿ ಬರೆಯುವ ಕೆಲಸವನ್ನು ಹೆಣ್ಣುಮಕ್ಕಳ ಕೈಗೇ ಕೊಡಿರಿ.