ಸವಾರಿ ಗಾಡಿಯ ಜೀರ್ಣೋದ್ಧಾರ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಒಂದು ಕಸುಬಿನ ಚರಿತ್ರೆ

ಕರ್ನಾಟಕದ ಜಾನಪದ ಅಧ್ಯಯನದಲ್ಲಿ ಹಾಡು, ಕಥೆ, ಆಚರಣೆಗಳಿಗೆ ಸಂದ ಗಮನ ಭೌತಿಕ ಸಂಸ್ಕೃತಿಗೆ ಸಂದಿಲ್ಲ. ಸಂದಿರುವಲ್ಲಿಯೂ ವಸ್ತುವಿನ ಆಕಾರ, ಅಲಂಕಾರ ಹಾಗೂ ತಯಾರಿಕೆಯ ವಿವರಗಳು ದೊರೆಯುತ್ತವೆಯೇ ಹೊರತು ಅದರ ದುರಸ್ತಿಯ ವಿವರಗಳು ದೊರೆಯುವುದು ವಿರಳ. ಗಾಡಿಯೊಂದು ತಯಾರಾಗುವುದು ಒಮ್ಮೆ. ಅದು ರಿಪೇರಿಯಾಗುವುದು ಹತ್ತಾರು ಬಾರಿ. ಬಡಗಿ ಮತ್ತು ಕಮ್ಮಾರರ ತಿಳಿವಳಿಕೆಯ ಬಹುಪಾಲು ಪ್ರಕಟವಾಗುವುದು ಈ ಎರಡನೆಯ ಕೆಲಸದಲ್ಲಿಯೇ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಸವಾರಿ ಗಾಡಿಯನ್ನು ಆಧಾರವಾಗಿಟ್ಟುಕೊಂಡು, ಹಳೆಯ ವಾಹನವೊಂದನ್ನು ಮತ್ತೆ ದಾರಿಗೆ ತರುವುದೆಂದರೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆ ಮತ್ತು ದಾರಿ

1947ರವರೆಗೆ ಕಡೂರು ಜಿಲ್ಲೆಯೆಂದು ಹೆಸರಾಗಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಪೂರ್ವೋತ್ತರ ಭಾಗ ಮೂರು ಬಗೆಯ ನೆಲವನ್ನು ಒಳಗೊಂಡಿದೆ. ಕಡೂರು ತೆಂಗು ಬೆಳೆಯುವ ಬಯಲು ಸೀಮೆ. ತರೀಕೆರೆ ಮಲೆನಾಡಿನ ಸೆರಗಿನಲ್ಲಿದ್ದು ಅದರ ಪಶ್ಚಿಮಕ್ಕೆ ಲಕ್ಕವಳ್ಳಿಯ ಕಡೆಯ ಕಾಡುಗಳಿವೆ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ಸುತ್ತ ಕಪ್ಪು ಮಣ್ಣಿನ ಹೊಲಗಳಿವೆ. ಮಳೆಗಾಲದಲ್ಲಿ ಎರೆಮಣ್ಣು ಚಕ್ರವನ್ನು ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ ಬಂಡಿಜಾಡು ಕಲ್ಲಿನಂತಾಗುತ್ತದೆ. ಬೆಂಗಳೂರು–ಶಿವಮೊಗ್ಗ ಹೆದ್ದಾರಿ ಕಡೂರು, ಬೀರೂರು, ತರೀಕೆರೆಗಳ ಮೂಲಕವೇ ಹಾಯುತ್ತದೆ. 1889ರಲ್ಲಿ ಬೆಂಗಳೂರು–ಹರಿಹರ ರೈಲು ಮಾರ್ಗ ಪೂರ್ಣಗೊಂಡಾಗ ಕಡೂರು, ಬೀರೂರು, ಅಜ್ಜಂಪುರಗಳು ನಿಲ್ದಾಣಗಳಾದವು. 1899ರಲ್ಲಿ ಬೀರೂರು–ಶಿವಮೊಗ್ಗ ಶಾಖೆ ತರೀಕೆರೆಯನ್ನೂ ಸೇರಿಸಿಕೊಂಡಿತು. ರೈಲು ಬಂದುದರಿಂದ ಗಾಡಿ ಮೂಲೆ ಸೇರಲಿಲ್ಲ; ಊರಿಂದ ನಿಲ್ದಾಣಕ್ಕೆ ಜನರನ್ನೂ ಸರಕನ್ನೂ ತಲುಪಿಸುವ ಹೊಸ ಕೆಲಸ ಅದಕ್ಕೆ ಒದಗಿತು. ಚಿಕ್ಕಮಗಳೂರು ಪಟ್ಟಣಕ್ಕೆ ರೈಲು ಬಂದುದು 2013ರಲ್ಲಿ ಎಂಬುದನ್ನು ನೆನೆದರೆ, ಕಡೂರು ನಿಲ್ದಾಣದ ಮುಂದಿನ ದಾರಿಗೆ ಎಷ್ಟು ದೀರ್ಘಕಾಲ ಮಹತ್ವವಿತ್ತೆಂಬುದು ಸ್ಪಷ್ಟವಾಗುತ್ತದೆ.

ಗಾಡಿಯ ಅರ್ಧಾಂಗವಾದ ಎತ್ತು

ಈ ಸೀಮೆಯ ಸವಾರಿ ಗಾಡಿಯನ್ನು ಅಮೃತಮಹಲ್ ತಳಿಯಿಂದ ಬೇರ್ಪಡಿಸಿ ನೋಡಲಾಗದು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ತಳಿಗಳ ರಕ್ತ ಈ ದನಗಳಲ್ಲಿ ಬೆರೆತಿದೆ. ಇವುಗಳ ಬಲದಿಂದ ಹೈದರಾಲಿ ಎರಡೂವರೆ ದಿನಗಳಲ್ಲಿ 100 ಮೈಲಿ ಕ್ರಮಿಸಿ ಚಿದಂಬರದ ನೆರವಿಗೆ ಧಾವಿಸಿದ ಸಂಗತಿಯನ್ನು ಗೆಜೆಟಿಯರುಗಳು ದಾಖಲಿಸಿವೆ. ತೋಪುಗಳನ್ನು ಎಳೆಯುವುದಕ್ಕೆಂದು ಬೆಳೆಸಿದ ಈ ತಳಿಯ ಗುಣ ಹೊರೆ ಹೊರುವುದಕ್ಕಿಂತ ಮಿಗಿಲಾಗಿ ವೇಗ ಮತ್ತು ದಣಿವರಿಯದ ನಡಿಗೆ. 1799ರ ಅನಂತರ ಈ ಹಿಂಡು ಇಂಗ್ಲಿಷರ ವಶವಾಯಿತು. ವೆಚ್ಚ ತಗ್ಗಿಸುವ ನೆಪದಲ್ಲಿ 1860ರಲ್ಲಿ ಅದನ್ನು ಮಾರಲಾಯಿತು. 1866ರಲ್ಲಿ ಮತ್ತೆ ಕಟ್ಟಲಾಯಿತು. 1882ರಲ್ಲಿ ಮೈಸೂರು ಸರ್ಕಾರಕ್ಕೆ ಒಪ್ಪಿಸಲಾಯಿತು. 1929ರಲ್ಲಿ ಅಜ್ಜಂಪುರದಲ್ಲಿ ಸ್ಥಾಪಿತವಾದ ತಳಿ ಸಂವರ್ಧನ ಕೇಂದ್ರವು ಹೋರಿಕರುಗಳ ಹರಾಜಿನ ಮೂಲಕ ಈ ರಾಸುಗಳನ್ನು ರೈತರಿಗೆ ತಲುಪಿಸುತ್ತ ಬಂದಿದೆ.

ಓಟದ ಎತ್ತಿಗೆ ಹೊರೆಗಾಡಿ ಒಗ್ಗದು. ಆದಕಾರಣ ಶ್ರೀಮಂತ ಕುಳಗಳು, ಶಾನುಭೋಗ ಪಟೇಲರು ಹಗುರವಾದ, ಕಮಾನಿನ ಮೇಲ್ಛಾವಣಿಯುಳ್ಳ, ಕಬ್ಬಿಣದ ಪಟ್ಟಿಗಳ ಮೇಲೆ ತೂಗುವ ಗಾಡಿಗಳನ್ನು ಇಟ್ಟುಕೊಂಡರು. ಜಾತ್ರೆಗೆ, ಮದುವೆ ದಿಬ್ಬಣಕ್ಕೆ, ಹೆಣ್ಣುಮಕ್ಕಳ ತವರಿನ ಪಯಣಕ್ಕೆ ಇದೇ ವಾಹನ. ಇಂದಿನ ವೇಗದ ಕಾರಿಗಿರುವ ಮರ್ಯಾದೆ ಅಂದು ಇದಕ್ಕಿತ್ತು.

ಮರ, ಕಬ್ಬಿಣ ಮತ್ತು ಚಕ್ರ

ಗಾಡಿಗೆ ಬೇಕಾದ ಸಾಮಗ್ರಿಯನ್ನು ಮೂರು ನೆಲಗಳೂ ಹಂಚಿಕೊಂಡು ಒದಗಿಸುತ್ತಿದ್ದವು. ತರೀಕೆರೆಯ ಕಾಡಿನಿಂದ ತೇಗ, ಹೊನ್ನೆ, ಮತ್ತಿ ಮತ್ತು ಅಚ್ಚಿಗೆ ಹೇಳಿಮಾಡಿಸಿದ ದಿಂಡಿಗ. ಬಯಲಿನ ಎರೆಹೊಲಗಳಿಂದ ಚಕ್ರಕ್ಕೆ ಬೇಕಾದ ಕರಿಜಾಲಿ. ಕಡೂರಿನ ತೋಟಗಳಿಂದ ತೆಂಗಿನ ನಾರಿನ ಹಗ್ಗ. ಚಕ್ರದ ನಡುವಿನ ಗುಂಬಕ್ಕೆ ಅರಗಳನ್ನು ಬಡಿದು, ಹೊರಸುತ್ತಿಗೆ ಬಾಗಿದ ಮರದ ತುಂಡುಗಳನ್ನು ಜೋಡಿಸಿ, ಕೊನೆಗೆ ಕಬ್ಬಿಣದ ಪಟ್ಟಾ ಹಾಕುವುದು ಕ್ರಮ. ಪಟ್ಟಾವನ್ನು ಚಕ್ರದ ಸುತ್ತಳತೆಗಿಂತ ತುಸು ಕಿರಿದಾಗಿ ಬೆಸೆದು, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿರುವಾಗಲೇ ಚಕ್ರಕ್ಕೆ ತೊಡಿಸಿ ನೀರೆರೆಯಲಾಗುತ್ತದೆ. ಕಬ್ಬಿಣ ಕುಗ್ಗಿ ಎಲ್ಲ ಕೀಲುಗಳನ್ನೂ ಒಳಕ್ಕೆ ಬಿಗಿಯುತ್ತದೆ. ಬಡಗಿಯ ಕೆಲಸ ಮುಗಿದು ಕಮ್ಮಾರನ ಕೆಲಸ ಆರಂಭವಾಗುವ ಈ ಘಳಿಗೆಯಲ್ಲಿ ಇಬ್ಬರೂ ಒಟ್ಟಿಗೆ ಇರಲೇಬೇಕು.

ಅಚ್ಚಿನ ತುದಿಯಲ್ಲಿ ಚಕ್ರ ಕಳಚದಂತೆ ತಡೆಯುವ ಕಡಾಣಿ ಅಥವಾ ಕಡೆಗೀಲು ಕನ್ನಡದ ಸಾಹಿತ್ಯಸ್ಮೃತಿಗೂ ಸೇರಿದೆ. ಜೇಡರ ದಾಸಿಮಯ್ಯನ ವಚನವೊಂದರಲ್ಲಿ ಶಿವಭಕ್ತರ ನುಡಿ ಒಡಲೆಂಬ ಬಂಡಿಗೆ ಕಡೆಗೀಲಾಗಿದೆ. ಬಂಡಿಯ ಅತ್ಯಂತ ಚಿಕ್ಕ ಭಾಗವೇ ಅದರ ಆಧಾರವೆಂಬುದು ಕಸುಬಿನ ಅನುಭವದಿಂದಲೇ ಒದಗಿದ ರೂಪಕ.

ತಿರುವು ಮತ್ತು ತೂಗು

ಹಳೆಯ ಗಾಡಿಯ ದುರಸ್ತಿಯಲ್ಲಿ ಕಷ್ಟದವು ಎರಡು: ನೇರ ನಡೆಸುವುದು, ಮೆತ್ತಗೆ ನಡೆಸುವುದು. ನಾಲ್ಕು ಚಕ್ರದ ವಾಹನಕ್ಕೆ ಮುಂದಿನ ಚಕ್ರಗಳು ತಿರುಗಲೇಬೇಕು. ಮ್ಯೂನಿಕ್ಕಿನ ಲಾಂಕೆನ್‌ಸ್ಪೆರ್ಗರ್ ರೂಪಿಸಿ 1818ರಲ್ಲಿ ಲಂಡನ್ನಿನಲ್ಲಿ ಆಕರ್‌ಮನ್ನನ ಹೆಸರಿನಲ್ಲಿ ಪೇಟೆಂಟ್ ಆದ ವಿಧಾನವೇ ಮುಂದೆ ಮೋಟಾರುಗಳಿಗೆ ಆಧಾರವಾಯಿತು. ತಿರುವಿನ ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ಹೊರಳಬೇಕೆಂಬುದು ಅದರ ತತ್ತ್ವ. ಎರಡು ಚಕ್ರದ ಗಾಡಿಯಲ್ಲಿ ಈ ತೊಡಕಿಲ್ಲ. ಒಳಗಿನ ಎತ್ತು ನಿಧಾನಿಸುತ್ತದೆ, ಹೊರಗಿನದು ಹೆಜ್ಜೆ ಬೀಸುತ್ತದೆ. ನೊಗ ಮತ್ತು ಮೂಕಿ ಅಚ್ಚನ್ನು ತಿರುಗಿಸುತ್ತವೆ. ಎತ್ತಿನ ಜೋಡಿಯೇ ಇಲ್ಲಿ ಚುಕ್ಕಾಣಿ.

ಆದರೆ ಮೂಕಿ ಅಚ್ಚಿಗೆ ಲಂಬವಾಗಿರಬೇಕು. ಕಟ್ಟು ಸಡಿಲವಾಗಿಯೋ ಮರ ತಿರುಚಿಯೋ ಅದು ಓರೆಯಾದರೆ ಗಾಡಿ ಒಂದೇ ಮಗ್ಗುಲಿಗೆ ಎಳೆಯುತ್ತದೆ, ಒಂದೇ ಎತ್ತಿನ ಹೆಗಲು ಹುಣ್ಣಾಗುತ್ತದೆ. ಮೂಕಿಯ ತುದಿಯಿಂದ ಅಚ್ಚಿನ ಎರಡೂ ಕೊನೆಗಳಿಗೆ ಹಗ್ಗ ಹಿಡಿದು ಅಳೆದಾಗ ಅಳತೆ ಸಮನಾದರೆ ಗಾಡಿ ನೇರವಾಗಿದೆಯೆಂದರ್ಥ. ಮೋಟಾರು ಕಾರ್ಖಾನೆಯಲ್ಲಿ ಇಂದು ಉಪಕರಣಗಳಿಂದ ನಡೆಯುವ ಚಕ್ರಗಳ ಜೋಡಣೆಯ ಪರೀಕ್ಷೆಗೂ ಇದಕ್ಕೂ ಉದ್ದೇಶ ಒಂದೇ. ತೂಕದ ಹಂಚಿಕೆಯೂ ಇಷ್ಟೇ ಮುಖ್ಯ. ಮುಂಭಾರವಾದರೆ ಎತ್ತಿನ ಕೊರಳು ಕುಸಿಯುತ್ತದೆ; ಹಿಂಭಾರವಾದರೆ ನೊಗ ಮೇಲೆದ್ದು ಕೊರಳಪಟ್ಟಿ ಗಂಟಲನ್ನು ಬಿಗಿಯುತ್ತದೆ. ಗಾಡಿಯ ತಪ್ಪನ್ನು ಮೊದಲು ಹೇಳುವುದು ಎತ್ತಿನ ಮೈ. ಅದನ್ನು ಓದಬಲ್ಲವನೇ ಒಳ್ಳೆಯ ಬಡಗಿ.

ಮೆತ್ತನೆಯ ನಡೆಗೆ ಕಾರಣವಾದುದು ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಇಂಗ್ಲೆಂಡಿನಲ್ಲಿ 1804ರಲ್ಲಿ ಓಬಡಾಯ ಎಲಿಯಟ್ ಇವುಗಳನ್ನು ಅಂಡಾಕಾರದಲ್ಲಿ ಜೋಡಿಸಿದ ಬಳಿಕ ಸಾರೋಟುಗಳ ಸ್ವರೂಪವೇ ಬದಲಾಯಿತು. ನಮ್ಮ ಕಸುಬುದಾರರು ಇದನ್ನು ಕಮಾನುಪಟ್ಟಿ ಎಂದರು. ಬಿಲ್ಲು ಎಂಬರ್ಥದ ಪಾರಸಿ ಪದ ಕನ್ನಡಕ್ಕೆ ಬಂದು ಗಾಡಿಯ ಛಾವಣಿಗೂ ಅದರ ಕೆಳಗಿನ ಉಕ್ಕಿಗೂ ಸಂದಿರುವುದು ಗಮನಾರ್ಹ. ಕಾಲಕ್ರಮದಲ್ಲಿ ಪಟ್ಟಿಯ ಬಾಗು ಇಳಿಯುತ್ತದೆ, ಇಲ್ಲವೇ ಒಂದು ಪಟ್ಟಿ ಮುರಿಯುತ್ತದೆ. ಕಮ್ಮಾರನು ಅದನ್ನು ಕಾಯಿಸಿ ಬಾಗಿಸಿ, ಹದವರಿತು ತಣಿಸಿ, ಮತ್ತೆ ಸ್ವಲ್ಪ ಕಾಯಿಸಿ ಪೆಡಸು ಕಳೆಯಬೇಕು. ಹದ ಹೆಚ್ಚಾದರೆ ಪಟ್ಟಿ ಮುರಿಯುತ್ತದೆ, ಕಡಿಮೆಯಾದರೆ ಬಾಗು ನಿಲ್ಲದು. ಎರಡೂ ಮಗ್ಗುಲಿನ ಬಾಗು ಸಮನಾಗದಿದ್ದರೆ ಗಾಡಿ ವಾಲುತ್ತದೆ.

ಮೋಟಾರು ಬಂದ ಮೇಲೆ

ಮೋಟಾರು ಈ ಕಸುಬನ್ನು ಒಮ್ಮೆಲೇ ನುಂಗಲಿಲ್ಲ. ಲಾರಿ, ಜೀಪುಗಳ ಕೆಳಗೂ ಕಮಾನುಪಟ್ಟಿಗಳೇ ಇದ್ದವು. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನ ಹಿಂದಿನ ಅಚ್ಚಿಗೂ ಅವೇ ಆಧಾರ. ಸವೆದ ಲಾರಿಯ ಪಟ್ಟಿ ಕುಲುಮೆಗೆ ಬಂದು ಕುಡುಗೋಲು, ಮಚ್ಚುಗಳಾಯಿತು. ಗುಜರಿ ಮೋಟಾರಿನ ಅಚ್ಚು ಮತ್ತು ಚಕ್ರಗಳು ಟೈರುಗಾಡಿಗೆ ಬಂದವು. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಅವರು 1970ರ ದಶಕದಲ್ಲಿ ಎತ್ತಿನಗಾಡಿಯ ಸುಧಾರಣೆಯನ್ನು ರಾಷ್ಟ್ರಮಟ್ಟದ ಚರ್ಚೆಗೆ ತಂದರು. ಮೂಕಪ್ರಾಣಿಯ ಹೆಗಲ ಮೇಲಿನ ಭಾರವನ್ನು ಇಳಿಸುವುದು ಅವರ ಕಾಳಜಿಗಳಲ್ಲಿ ಒಂದಾಗಿತ್ತು. ಟೈರುಗಾಡಿ ಹೊರೆಗೆ ಒದಗಿತು. ಸವಾರಿ ಗಾಡಿಯ ಸ್ಥಾನವನ್ನು ಬಸ್ಸು, ಕಾರುಗಳು ತುಂಬಿದವು. ಕಾಡಿನ ಮರವೂ ಮೊದಲಿನಂತೆ ಸಿಗದಾಯಿತು. ಲಕ್ಕವಳ್ಳಿಯ ಅರಣ್ಯದ ದೊಡ್ಡ ಭಾಗ ಇಂದು ಭದ್ರಾ ಹುಲಿ ಸಂರಕ್ಷಿತ ಪ್ರದೇಶ.

ಹಗುರ ಗಾಡಿ ಉಳಿದುಕೊಂಡುದು ಸ್ಪರ್ಧೆಯ ಕಣದಲ್ಲಿ. ಜೋಡೆತ್ತಿನ ಗಾಡಿ ಓಟವನ್ನು 2014ರ ಮೇ 7ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ನಿಲ್ಲಿಸಿತು. 2017ರ ಕರ್ನಾಟಕ ತಿದ್ದುಪಡಿ ಕಾಯ್ದೆ ಕಂಬಳದೊಡನೆ ಗಾಡಿ ಓಟಕ್ಕೂ ಅವಕಾಶ ನೀಡಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಪ್ರಾಣಿಹಿಂಸೆಯ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಕೆಟ್ಟ ನೊಗ, ಓರೆ ಮೂಕಿಗಳೂ ಹಿಂಸೆಯೇ. ಹಾಗಾಗಿ ದುರಸ್ತಿಯ ಜ್ಞಾನ ದಯೆಯ ಜ್ಞಾನವೂ ಹೌದು.

ಸಮಾರೋಪ

ಧರ್ಮಸ್ಥಳದಲ್ಲಿ ಹಳೆಯ ಮೋಟಾರುಗಳಿಗೆ ಒಂದು ಸಂಗ್ರಹವೇ ಉಂಟು. ಹಳೆಯ ಕಾರನ್ನು ಉದ್ಧರಿಸುವವರು ಬಣ್ಣ ಬಳಿದು ಸುಮ್ಮನಾಗುವುದಿಲ್ಲ; ಚುಕ್ಕಾಣಿಯ ಸಡಿಲ ತೆಗೆದು, ಕಮಾನುಪಟ್ಟಿ ಸರಿಪಡಿಸಿ, ದಾರಿಯಲ್ಲಿ ಓಡಿಸಿ ನೋಡುತ್ತಾರೆ. ಗಾಡಿಗೆ ಈ ಭಾಗ್ಯವಿಲ್ಲ. ಅದು ಹೋಟೆಲಿನ ಅಂಗಳದಲ್ಲಿ ಅಲಂಕಾರವಾಗಿಯೋ ವಸ್ತುಸಂಗ್ರಹಾಲಯದಲ್ಲಿ ಕಡಾಣಿ ತುಕ್ಕು ಹಿಡಿದೋ ನಿಂತಿರುತ್ತದೆ. ತಳಿ ಅಜ್ಜಂಪುರದ ಕೇಂದ್ರದಲ್ಲಿ, ಗಾಡಿ ಇನ್ನೆಲ್ಲೋ, ಅವೆರಡನ್ನೂ ಕೂಡಿಸಬಲ್ಲ ಬಡಗಿ, ಕಮ್ಮಾರರು ಯಾವ ಪಟ್ಟಿಯಲ್ಲಿಯೂ ಇಲ್ಲ. ಚುಕ್ಕಾಣಿಯೇ ಎತ್ತಾಗಿರುವ ವಾಹನವನ್ನು ಎತ್ತಿಲ್ಲದೆ ಉಳಿಸಿದರೆ ಉಳಿಯುವುದು ಮರ ಮಾತ್ರ. ಪಟ್ಟಾ ಕಟ್ಟುವ, ಕಮಾನು ಹದಗೊಳಿಸುವ, ಮೂಕಿ ಅಳೆಯುವ ಕ್ರಮಗಳನ್ನು ಬಲ್ಲವರು ಇರುವಾಗಲೇ ಚಿತ್ರೀಕರಿಸಿ, ಪದಕೋಶ ಸಹಿತ ದಾಖಲಿಸಬೇಕು. ಪಶುಸಂಗೋಪನೆ ಮತ್ತು ಜಾನಪದ ಸಂಸ್ಥೆಗಳು ಸೇರಿ ಅಜ್ಜಂಪುರದಲ್ಲಿ ಒಂದು ಜೋಡಿ ಎತ್ತು, ಒಂದು ಗಾಡಿ, ಒಂದು ಕುಲುಮೆಯನ್ನಾದರೂ ಒಂದೇ ಆವರಣದಲ್ಲಿ ನಡೆಸಿಕೊಂಡು ಬರಬಹುದು. ದೊಡ್ಡ ವೆಚ್ಚದ ಕೆಲಸವೇನೂ ಅಲ್ಲ; ಕಸುಬು ಬಲ್ಲ ಕೈಗಳು ಇರುವ ತನಕ ಮಾತ್ರ ಅದು ಸಾಧ್ಯ.