ಕೆಂಡದ ಕಾವಿನಿಂದ ಅವಕೆಂಪು ದೀಪದವರೆಗೆ: ಹುಣಸಗಿ ಸೀಮೆಯ ಬಾಣಂತನ ಮತ್ತು ಶಾಖ

ವಿದ್ವತ್ ಲೋಕ ಹುಣಸಗಿಯನ್ನು ಬಲ್ಲದ್ದು ಕಲ್ಲಿನ ಆಯುಧಗಳಿಂದ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಇಸಾಂಪುರದಲ್ಲಿ ನಡೆಸಿದ ಉತ್ಖನನ ಹಳೆ ಶಿಲಾಯುಗದ ಮನುಷ್ಯನ ಕೈಕೆಲಸವನ್ನು ಬೆಳಕಿಗೆ ತಂದಿತು. ಇದೇ ಸೀಮೆಯ ಬಾಣಂತಿ ಕೋಣೆಯ ಚರಿತ್ರೆಗೆ ಅಂಥ ಗಟ್ಟಿ ಕುರುಹುಗಳಿಲ್ಲ. ಹಿರಿಯ ಹೆಣ್ಣುಮಕ್ಕಳ ನೆನಪು, ಸೂಲಗಿತ್ತಿಯರ ರೂಢಿ ಇವೇ ಅದರ ಮುಖ್ಯ ಆಕರ.

ಉತ್ತರ ಕರ್ನಾಟಕದ ಬಾಣಂತನದಲ್ಲಿ ಶಾಖಕ್ಕೆ ಮೊದಲ ಮಣೆ. ಮೈಗೆ ಎಣ್ಣೆ ತಿಕ್ಕಿ, ಸುಡುಸುಡು ನೀರು ಹಾಕಿ, ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸುತ್ತಿದ್ದರು. ಕೆಳಗೆ ಕೆಂಡದ ಅಗ್ಗಿಷ್ಟಿಗೆ. ಅದರ ಮೇಲೆ ಲೋಬಾನ, ಅಜವಾನ. ಸೊಂಟ, ಬೆನ್ನು ಕಾವಿಗೆ ಸಡಿಲಾಗುತ್ತಿದ್ದವು. ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿನ ಕೆಂಡ ಹೊಮ್ಮಿಸುವುದು ಬಹುಪಾಲು ಅವಕೆಂಪು ಕಿರಣಗಳನ್ನೇ.

ಆ ಕಿರಣ ವಿಜ್ಞಾನಕ್ಕೆ ಗೊತ್ತಾದದ್ದು 1800ರಲ್ಲಿ. ವಿಲಿಯಂ ಹರ್ಷಲ್ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ ಉಷ್ಣಮಾಪಕ ಇಟ್ಟಾಗ, ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಕಡೆಯೇ ಪಾದರಸ ಹೆಚ್ಚು ಏರಿತು. 1903ರಲ್ಲಿ ನೀಲ್ಸ್ ಫಿನ್ಸೆನ್‌ಗೆ ನೊಬೆಲ್ ಬಂದ ಮೇಲೆ ಬೆಳಕಿನ ಚಿಕಿತ್ಸೆಗೆ ವೈದ್ಯಲೋಕದಲ್ಲಿ ಗೌರವ ಸಿಕ್ಕಿತು. ಅವಕೆಂಪು ದೀಪದ ತಂತಿ ಕೆಂಡಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಹಾಗಾಗಿ ಅದರ ಕಿರಣಗಳ ಅಲೆ ಗಿಡ್ಡ, ಚರ್ಮದೊಳಗೆ ಕೆಲವು ಮಿಲಿಮೀಟರ್ ಇಳಿಯುತ್ತವೆ. ಕೆಂಡದ ಕಿರಣ ಹೆಚ್ಚಾಗಿ ಮೇಲ್ಪದರದಲ್ಲೇ ನಿಲ್ಲುತ್ತದೆ. ಕಾವಿಗೆ ರಕ್ತನಾಳಗಳು ಹಿಗ್ಗುತ್ತವೆ, ಗಾಯದ ಸುತ್ತ ರಕ್ತಸಂಚಾರ ಹೆಚ್ಚುತ್ತದೆ, ಬಿಗಿದ ಸ್ನಾಯು ಸಡಿಲಗೊಂಡು ನೋವು ತಗ್ಗುತ್ತದೆ. ಹೆರಿಗೆ ವಾರ್ಡುಗಳಲ್ಲಿ ದಾದಿಯರು ಹೊಲಿಗೆಯಿಂದ ಸುಮಾರು 45-50 ಸೆಂ.ಮೀ. ದೂರದಲ್ಲಿ ದೀಪವಿಟ್ಟು 10-15 ನಿಮಿಷ ಕಾವು ಕೊಡುವುದು ರೂಢಿ. ನನ್ನ ದೃಷ್ಟಿಯಲ್ಲಿ ದೀಪ ತಂದ ಹೊಸತು ಶಾಖವಲ್ಲ, ಅಳತೆ.

ಆ ಅಳತೆ ಈಗ ಯಾಕೆ ಬೇಕು? 2005ರ ಜನನಿ ಸುರಕ್ಷಾ ಯೋಜನೆಯ ನಂತರ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಸರಿಯುವುದು ಚುರುಕಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳ ಪಾಲು 2015-16ರಲ್ಲಿ ಶೇ. 23.6 ಇದ್ದದ್ದು 2019-21ರಲ್ಲಿ ಶೇ. 31.5ಕ್ಕೆ ಏರಿತು. ಹೊರಸಿನ ಕೆಳಗಿನ ಕೆಂಡ ಸಹಜ ಹೆರಿಗೆಯ ಮೈಗೆ ರೂಪುಗೊಂಡ ಪದ್ಧತಿ. ಹೊಟ್ಟೆ ಕೊಯ್ದು ಹೊಲಿದವಳ ಮಾತೇ ಬೇರೆ. ಗಾಯದ ಸುತ್ತಲ ಚರ್ಮ ಎಷ್ಟೋ ದಿನ ಜೋಮು ಹಿಡಿದಿರುತ್ತದೆ. ಸುಟ್ಟರೂ ಅವಳಿಗೆ ತಿಳಿಯದು. ಹೊಗೆಯಂತೂ ತಾಯಿಗೂ ಕೂಸಿಗೂ ಹಾನಿಯೇ.

ದೀಪದ ಪರವಾಗಿಯೂ ಹೆಚ್ಚು ಹೇಳಿಕೊಳ್ಳಬಾರದು. ಸಿಸೇರಿಯನ್ ಗಾಯದ ಮೇಲೆ ನಡೆದ ಅಧ್ಯಯನಗಳು ಹೆಚ್ಚಿಲ್ಲ, ಇರುವವೂ ಸಣ್ಣ ಗುಂಪುಗಳ ಮೇಲಿನವು. ಕೊಯ್ಯುವ ಮುನ್ನ ಕೊಡುವ ಆ್ಯಂಟಿಬಯಾಟಿಕ್, ಶುಚಿಯಾದ ಡ್ರೆಸ್ಸಿಂಗ್, ನೋವಿನ ಮಾತ್ರೆ ಇವುಗಳ ಜಾಗವನ್ನು ಯಾವ ದೀಪವೂ ತುಂಬದು. ಅದು ಜೊತೆಗಿನ ನೆರವು ಅಷ್ಟೇ. ಬಾಣಂತನ ಮಾಡುವ ತಾಯಂದಿರಲ್ಲಿ ಒಂದು ಬೇಡಿಕೆ: ಹೊಲಿಗೆ ಕೆಂಪೇರಿದರೆ, ಕೀವು ಸೋರಿದರೆ, ಬಾಯಿ ಬಿಟ್ಟರೆ, ಜ್ವರ ಬಂದರೆ ಕೆಂಡದ ಕಾವೂ ಬೇಡ, ದೀಪದ ಕಾವೂ ಬೇಡ, ಅಂದೇ ಮಗಳನ್ನು ಆಸ್ಪತ್ರೆಗೆ ಕರೆದೊಯ್ಯಿರಿ.