ಹಳೆಯ ಕಾರು ಮಾರುವ ಬಗೆಗಳು: ಒಂದು ಚಾರಿತ್ರಿಕ ನೋಟ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ. ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಹೆಸರು ಹೇಳಿದೊಡನೆ ವಿದ್ಯಾರ್ಥಿಗಳಿಗೆ ಕೋಟೆ, ಕಬ್ಬಿನ ಗದ್ದೆ, ಹೊಯ್ಸಳರ ದೇವಾಲಯಗಳು ನೆನಪಿಗೆ ಬರುತ್ತವೆ. ಹಳೆಯ ಕಾರಿನ ಮಾರಾಟ ಯಾರ ನೆನಪಿಗೂ ಬರುವುದಿಲ್ಲ. ಅದು ಚರಿತ್ರೆಯ ವಿಷಯವೇ ಎಂದು ನೀವು ಕೇಳಬಹುದು. ಹೌದು ಎಂಬುದೇ ನನ್ನ ಉತ್ತರ.

ಒಬ್ಬರು ಬಳಸಿದ ವಸ್ತುವನ್ನು ಇನ್ನೊಬ್ಬರಿಗೆ ಮಾರುವಾಗ ಒಂದು ತೊಡಕು ಇದ್ದೇ ಇರುತ್ತದೆ. ಮಾರುವವನಿಗೆ ವಸ್ತುವಿನ ಗುಣದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ತೊಡಕನ್ನು ಬಿಡಿಸಲು ಸಮಾಜ ಒಂದೊಂದು ಕಾಲದಲ್ಲಿ ಒಂದೊಂದು ಏರ್ಪಾಡು ಮಾಡಿಕೊಂಡಿದೆ. ಹರಾಜು, ಜಾತ್ರೆ, ದಳ್ಳಾಳಿ, ಪತ್ರಿಕೆಯ ಜಾಹೀರಾತು, ವ್ಯಾಪಾರಿಯ ಮಳಿಗೆ ಎಲ್ಲವೂ ಅಂಥ ಏರ್ಪಾಡುಗಳೇ. ಅವುಗಳಲ್ಲಿ ಕೆಲವನ್ನು ಈ ನಾಲ್ಕು ತಾಲ್ಲೂಕುಗಳ ನೆಲದಲ್ಲೇ ನಿಂತು ನೋಡೋಣ.

ಶ್ರೀರಂಗಪಟ್ಟಣದ ಹರಾಜು

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು, ಟಿಪ್ಪು ಸುಲ್ತಾನ ಮಡಿದ. ಆ ರಾತ್ರಿ ಪಟ್ಟಣ ಲೂಟಿಯಾಯಿತು. ಬಳಿಕ ಅರಮನೆಯ ಸಂಪತ್ತನ್ನು ವಿಜಯಿ ಸೈನ್ಯಕ್ಕೆ ಹಂಚುವ ಕೆಲಸಕ್ಕೆ ಬ್ರಿಟಿಷರು ಅಧಿಕಾರಿಗಳನ್ನು ನೇಮಿಸಿದರು. ಹಂಚಲು ಬಾರದ ವಸ್ತುಗಳನ್ನು ಹರಾಜು ಹಾಕಿದರು. ಚಿನ್ನದ ತಗಡು ಹೊದಿಸಿದ್ದ ಟಿಪ್ಪುವಿನ ಸಿಂಹಾಸನವನ್ನೇ ಒಡೆದು ತುಂಡು ಮಾಡಿದರು. ಅದನ್ನು ಇಡಿಯಾಗಿ ಉಳಿಸಿಕೊಳ್ಳಬೇಕೆಂಬ ಇಚ್ಛೆ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಇತ್ತು. ಆದರೆ ಆತನ ಮಾತು ತಲುಪುವ ಮೊದಲೇ ಕೆಲಸ ಮುಗಿದಿತ್ತು.

ಆ ಸಿಂಹಾಸನದ ಸುತ್ತ ಇದ್ದ ಚಿಕ್ಕ ಹುಲಿತಲೆಗಳಲ್ಲಿ ಒಂದು 2009ರಲ್ಲಿ ಲಂಡನ್ನಿನಲ್ಲಿ ಮತ್ತೆ ಹರಾಜಿಗೆ ಬಂದಾಗ ಸುಮಾರು 3 ಲಕ್ಷ 90 ಸಾವಿರ ಪೌಂಡುಗಳಿಗೆ ಮಾರಾಟವಾಯಿತು. ಬೆಲೆ ಬಂದದ್ದು ಚಿನ್ನದ ತೂಕಕ್ಕೆ ಮಾತ್ರವಲ್ಲ. ಅದು ಎಲ್ಲಿಂದ ಬಂದದ್ದು, ಯಾರದ್ದಾಗಿತ್ತು ಎಂಬುದು ತಿಳಿದಿದ್ದರಿಂದ ಆ ಬೆಲೆ ಬಂದಿತು. ವಸ್ತುವಿನ ಜೊತೆಗೆ ಅದರ ಚರಿತ್ರೆಯೂ ಮಾರಾಟವಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಸರ್ವೀಸ್ ಪುಸ್ತಕವಿರುವ ಕಾರಿಗೆ ಅದಿಲ್ಲದ ಕಾರಿಗಿಂತ ಹೆಚ್ಚು ಬೆಲೆ ಬರುವುದೂ ಇದೇ ಕಾರಣಕ್ಕೆ.

ಹರಾಜಿನ ಗುಣವೆಂದರೆ ವೇಗ. ದೋಷವೂ ಅದೇ. ಸಾಲ ಕಟ್ಟದವರಿಂದ ಬ್ಯಾಂಕುಗಳು ವಶಪಡಿಸಿಕೊಂಡ ವಾಹನಗಳು ಇಂದಿಗೂ ‘ಇದ್ದ ಸ್ಥಿತಿಯಲ್ಲಿ, ಇದ್ದ ಸ್ಥಳದಲ್ಲಿ’ ಎಂಬ ಷರತ್ತಿನೊಡನೆ ಹರಾಜಾಗುತ್ತವೆ. ಕೊಂಡವನು ಓಡಿಸಿ ನೋಡುವಂತಿಲ್ಲ, ಆಮೇಲೆ ದೂರುವಂತಿಲ್ಲ. ಆ ಅನಿಶ್ಚಯಕ್ಕೆಂದು ಅವನು ಮೊದಲೇ ಬೆಲೆ ತಗ್ಗಿಸಿ ಕೂಗುತ್ತಾನೆ. ನಷ್ಟ ಮಾರುವವನದು.

ಹೇಮಗಿರಿಯ ಜಾತ್ರೆ

ಹರಾಜಿಗೆ ತೀರ ಭಿನ್ನವಾದ ಏರ್ಪಾಡನ್ನು ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ನೋಡಬಹುದು. ಹೇಮಾವತಿಯ ದಡದ ಈ ಕ್ಷೇತ್ರದಲ್ಲಿ ರಥಸಪ್ತಮಿಯ ಆಸುಪಾಸಿನಲ್ಲಿ ದನಗಳ ಜಾತ್ರೆ ಸೇರುತ್ತದೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಜಾತ್ರೆಯೂ ಇಂಥದೇ. ಈ ಸೀಮೆ ಹಳ್ಳಿಕಾರ್ ತಳಿಯ ತವರು. ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆ ಇಂಥ ಜಾತ್ರೆಗೆ ಹೋಗಿದ್ದಾಗ, ಎತ್ತು ಕೊಳ್ಳುವ ರೈತರು ಪರೀಕ್ಷೆ ಮಾಡುವ ಬಗೆಯನ್ನು ನಾನು ಅರ್ಧ ದಿನ ನಿಂತು ನೋಡಿದೆ. ವಿಜ್ಞಾನ ಓದಿದ ನನಗೆ ಅದು ಪ್ರಯೋಗಶಾಲೆಯಂತೆಯೇ ಕಂಡಿತು.

ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ದನಕ್ಕೆ ಕೆಳದವಡೆಯ ಮುಂಭಾಗದಲ್ಲಿ ಮಾತ್ರ ಬಾಚಿಹಲ್ಲು ಇರುತ್ತವೆ, ಒಟ್ಟು ಎಂಟು. ಹಾಲುಹಲ್ಲು ಬಿದ್ದು ಮೊದಲ ಜೋಡಿ ಶಾಶ್ವತ ಹಲ್ಲು ಬರುವುದು ಸುಮಾರು ಎರಡು ಎರಡೂವರೆ ವರ್ಷಕ್ಕೆ. ಐದು ವರ್ಷದ ಸುಮಾರಿಗೆ ಎಂಟೂ ಬಂದು ‘ಬಾಯಿಗೂಡುತ್ತದೆ’. ಆಮೇಲೆ ಹಲ್ಲಿನ ಸವೆತದಿಂದ ವಯಸ್ಸು ಊಹಿಸಬೇಕು. ಮಾರುವವನು ಏನೇ ಹೇಳಲಿ, ಹಲ್ಲು ಸುಳ್ಳು ಹೇಳುವುದಿಲ್ಲ. ನಂತರ ಸುಳಿ ನೋಡುತ್ತಾರೆ, ಗೊರಸು ಎತ್ತಿ ನೋಡುತ್ತಾರೆ. ಕೊನೆಗೆ ನೊಗಕ್ಕೆ ಕಟ್ಟಿ ನಡೆಸುತ್ತಾರೆ.

ಹಳೆಯ ಕಾರಿನ ಪರೀಕ್ಷೆಯೂ ಇದೇ ತರ್ಕದ್ದು. ಮೀಟರು ಮೂವತ್ತು ಸಾವಿರ ಕಿಲೋಮೀಟರ್ ಎನ್ನುತ್ತದೆ, ಆದರೆ ಕ್ಲಚ್ ಪೆಡಲಿನ ರಬ್ಬರು ಸವೆದು ನುಣುಪಾಗಿದೆ ಎಂದುಕೊಳ್ಳಿ. ಯಾವುದನ್ನು ನಂಬುವಿರಿ? ಮೀಟರನ್ನು ಹಿಂದಕ್ಕೆ ತಿರುಗಿಸಬಹುದು. ರಬ್ಬರನ್ನು ಬದಲಿಸಬಹುದಾದರೂ ಅದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ಇನ್ನು ಬೆಲೆಯ ಮಾತು. ದಳ್ಳಾಳಿ ಕೊಳ್ಳುವವನ ಕೈ ಹಿಡಿದು ಅದರ ಮೇಲೆ ಟವೆಲ್ ಹೊದಿಸುತ್ತಾನೆ. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಸೂಚಿಸುತ್ತಾನೆ. ಸುತ್ತ ನಿಂತವರಿಗೆ ಏನೂ ತಿಳಿಯದು. ಇದರಿಂದ ಒಂದು ಅನುಕೂಲವುಂಟು: ಈ ವ್ಯಾಪಾರ ಮುರಿದರೂ ಮುಂದಿನ ಗಿರಾಕಿಗೆ ಹಿಂದಿನವನ ಬೆಲೆ ಗೊತ್ತಾಗುವುದಿಲ್ಲ. ಅಪಾಯವೂ ಉಂಟು: ಕೊಂಡವನು ಕೊಟ್ಟದ್ದೆಷ್ಟು, ಮಾರಿದವನಿಗೆ ಬಂದದ್ದೆಷ್ಟು ಎಂಬುದು ಕೆಲವೊಮ್ಮೆ ದಳ್ಳಾಳಿಗೆ ಮಾತ್ರ ಗೊತ್ತಿರುತ್ತದೆ.

ಆದರೂ ಜಾತ್ರೆಯಲ್ಲಿ ಮೋಸಕ್ಕೆ ಒಂದು ಮಿತಿ ಇತ್ತು. ನೂರಾರು ಜೋಡಿ ಎತ್ತುಗಳು ಒಂದೇ ಬಯಲಿನಲ್ಲಿ ನಿಂತಿರುವುದರಿಂದ ಹೋಲಿಸಿ ನೋಡಲು ಸಾಧ್ಯವಿತ್ತು. ಅದಕ್ಕಿಂತ ಮುಖ್ಯವಾಗಿ, ಅದೇ ಜನ ಮುಂದಿನ ವರ್ಷವೂ ಅಲ್ಲಿಗೇ ಬರಬೇಕಿತ್ತು.

ಹಳೆಯದಕ್ಕೆ ಹೆಚ್ಚು ಬೆಲೆ

ಕಾಲುವೆಯ ನೀರು, ಕಬ್ಬಿನ ಹಣ, ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಸ್ಥಾನ ಕುಗ್ಗಿ ಮನೆಯ ಮುಂದೆ ಮೋಟಾರು ವಾಹನ ನಿಂತಿತು. ಆದರೆ ಸ್ವಾತಂತ್ರ್ಯಾನಂತರದ ಹಲವು ದಶಕ ಕಾರಿನ ಮಾರುಕಟ್ಟೆ ವಿಚಿತ್ರವಾಗಿತ್ತು. ತಯಾರಿಕೆಗೆ ಸರ್ಕಾರದ ಪರವಾನಗಿ ಬೇಕಿತ್ತು. ಕಾರುಗಳ ಹಂಚಿಕೆ ಮತ್ತು ಮಾರಾಟವನ್ನು ನಿಯಂತ್ರಿಸಲು 1959ರಲ್ಲಿ ಆದೇಶವೇ ಹೊರಟಿತ್ತು. ಅಂಬಾಸಿಡರ್ ಅಥವಾ ಫಿಯೆಟ್ ಬೇಕೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾಯಲಾರದವರು ಓಡಿದ ಕಾರಿಗೆ ಹೊಸ ಕಾರಿಗಿಂತ ಹೆಚ್ಚು ಹಣ ಕೊಟ್ಟದ್ದುಂಟು. ಆಗ ಮಾರುವವನೇ ರಾಜ. ಯಾರಿಗೆ ಮಾರಬೇಕೆಂಬ ಚಿಂತೆ ಅವನಿಗಿರಲಿಲ್ಲ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಿತು. 1993ರಲ್ಲಿ ಕಾರು ತಯಾರಿಕೆಯ ಪರವಾನಗಿ ಪದ್ಧತಿ ಹೋಯಿತು. ಹೊಸ ಕಾರು ಬೇಕೆಂದಾಗ ಸಿಗುವಂತಾದ ಮೇಲೆ ಹಳೆಯ ಕಾರು ಮಾರುವವನಿಗೆ ಮೊದಲ ಬಾರಿಗೆ ಗಿರಾಕಿಯ ಸಂಶಯ ಎದುರಾಯಿತು: ‘ಇಷ್ಟು ಒಳ್ಳೆಯ ಕಾರನ್ನು ಇವನೇಕೆ ಮಾರುತ್ತಿದ್ದಾನೆ?’

ಈ ಸಂಶಯವನ್ನೇ ಶಾಸ್ತ್ರವಾಗಿ ವಿವರಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್. 1970ರಲ್ಲಿ ಪ್ರಕಟವಾದ ಅವರ ಲೇಖನಕ್ಕೆ ಹಳೆಯ ಕಾರುಗಳ ಪೇಟೆಯೇ ಉದಾಹರಣೆ. ಅದರ ತಿರುಳನ್ನು ಸರಳ ಲೆಕ್ಕದಲ್ಲಿ ಹೇಳಬಹುದು. ಪೇಟೆಯಲ್ಲಿ ಅರ್ಧ ಒಳ್ಳೆಯ ಕಾರು, ಅರ್ಧ ಕೆಟ್ಟ ಕಾರು ಇವೆಯೆನ್ನಿ. ಒಳ್ಳೆಯದರ ಬೆಲೆ 2 ಲಕ್ಷ, ಕೆಟ್ಟದರ ಬೆಲೆ 1 ಲಕ್ಷ. ಯಾವುದು ಯಾವುದೆಂದು ತಿಳಿಯದ ಗಿರಾಕಿ ಸರಾಸರಿ ಒಂದೂವರೆ ಲಕ್ಷ ಕೊಡಲು ಸಿದ್ಧ. ಒಳ್ಳೆಯ ಕಾರಿನವನು ಆ ಬೆಲೆಗೆ ಒಪ್ಪದೆ ಮನೆಗೆ ಹೋಗುತ್ತಾನೆ. ಪೇಟೆಯಲ್ಲಿ ಉಳಿಯುವುದು ಕೆಟ್ಟವು. ಅದು ತಿಳಿದ ಗಿರಾಕಿ ಬೆಲೆಯನ್ನು ಇನ್ನೂ ಇಳಿಸುತ್ತಾನೆ. ಮಾಹಿತಿಯ ಅಸಮಾನತೆಯಿಂದ ಪ್ರಾಮಾಣಿಕ ಮಾರಾಟಗಾರನೇ ಮೊದಲು ಸೋಲುತ್ತಾನೆ. ಮಾಹಿತಿಯ ಅಸಮಾನತೆಯ ಅಧ್ಯಯನಕ್ಕೆ 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ದೊರೆಯಿತು.

ಇಂದಿನ ದಾರಿಗಳು

ಈ ತಿಳಿವಿನಿಂದ ಇಂದಿನ ಮಾರಾಟದ ದಾರಿಗಳನ್ನು ಹೋಲಿಸೋಣ.

ಪರಿಚಯದವರಿಗೆ ಮಾರುವುದು ಮೊದಲನೆಯದು. ಊರಿನಲ್ಲಿ ಕಾರಿನ ಚರಿತ್ರೆ ಎಲ್ಲರಿಗೂ ಗೊತ್ತು, ಆದ್ದರಿಂದ ನ್ಯಾಯವಾದ ಬೆಲೆ ಬರುತ್ತದೆ, ದಳ್ಳಾಳಿ ಹಣ ಉಳಿಯುತ್ತದೆ. ಆದರೆ ಗಿರಾಕಿಗಳು ಕಡಿಮೆ. ತಿಂಗಳ ನಂತರ ಗೇರ್ ಬಾಕ್ಸ್ ಕೆಟ್ಟರೆ ಸ್ನೇಹವೂ ಕೆಡಬಹುದು.

ಎರಡನೆಯದು ಜಾಹೀರಾತು. ಮೊದಲು ಪತ್ರಿಕೆಯಲ್ಲಿತ್ತು, ಈಗ ಮೊಬೈಲಿನಲ್ಲಿದೆ. ಇದು ಜಾತ್ರೆಯ ಬಯಲಿದ್ದಂತೆ, ನೂರಾರು ಕಾರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಬೆಲೆ ಚೆನ್ನಾಗಿ ಬರಬಹುದು. ಆದರೆ ಬಂದವರಿಗೆಲ್ಲ ಕಾರು ತೋರಿಸುವ, ಅಪರಿಚಿತರನ್ನು ಅಳೆಯುವ ಹೊಣೆ ನಿಮ್ಮದೇ. ಅವರು ಮುಂದಿನ ವರ್ಷ ಅದೇ ಜಾತ್ರೆಗೆ ಬರುವವರಲ್ಲ.

ಮೂರನೆಯದು ವ್ಯಾಪಾರಿಗೆ ಮಾರುವುದು, ಅಥವಾ ಹೊಸ ಕಾರು ಕೊಳ್ಳುವಾಗ ಹಳೆಯದನ್ನು ವಿನಿಮಯ ಮಾಡುವುದು. ಕಂಪನಿಗಳೇ ಈ ವ್ಯಾಪಾರಕ್ಕೆ ಇಳಿದಿವೆ. ಮಾರುತಿ ಸಂಸ್ಥೆಯ ಟ್ರೂ ವ್ಯಾಲ್ಯೂ ಮಳಿಗೆಗಳು 2001ರಲ್ಲಿ ಆರಂಭವಾದವು. ಇಲ್ಲಿ ಬೆಲೆ ಕಡಿಮೆ, ಏಕೆಂದರೆ ದುರಸ್ತಿಯ ಖರ್ಚು, ಲಾಭ, ತೆರಿಗೆ ಎಲ್ಲವನ್ನೂ ವ್ಯಾಪಾರಿ ಮೊದಲೇ ಕಳೆದಿರುತ್ತಾನೆ. 2025ರ ಜನವರಿಯಿಂದ ನೋಂದಾಯಿತ ವ್ಯಾಪಾರಿ ಹಳೆಯ ಕಾರಿನ ಮೇಲಿನ ತನ್ನ ಲಾಭಾಂಶಕ್ಕೆ ಶೇಕಡಾ 18ರಷ್ಟು ಜಿಎಸ್‌ಟಿ ಕಟ್ಟಬೇಕು. ಸ್ವಂತ ಕಾರು ಮಾರುವ ಸಾಮಾನ್ಯ ಗೃಹಸ್ಥನಿಗೆ ಈ ತೆರಿಗೆ ಇಲ್ಲ. ಕಾರನ್ನು ಪರೀಕ್ಷಿಸಿ, ಜಾಲತಾಣದಲ್ಲಿ ವ್ಯಾಪಾರಿಗಳ ನಡುವೆ ಸವಾಲು ಕೂಗಿಸಿ ಕೊಳ್ಳುವ ಕಂಪನಿಗಳೂ ಇವೆ. ಅಲ್ಲಿಯೂ ನಿಮ್ಮ ಕಾರು ಕೊನೆಗೆ ಎಷ್ಟಕ್ಕೆ ಹೋಯಿತೆಂದು ನಿಮಗೆ ತಿಳಿಯದೆ ಇರಬಹುದು. ಟವೆಲಿನ ಜಾಗದಲ್ಲಿ ಗಾಜಿನ ಪರದೆ ಬಂದಿದೆ, ಅಷ್ಟೇ.

ನಾಲ್ಕನೆಯದು ಊರಿನ ಮಧ್ಯವರ್ತಿ, ಅಂದರೆ ಜಾತ್ರೆಯ ದಳ್ಳಾಳಿಯ ಉತ್ತರಾಧಿಕಾರಿ. ಇವನ ವಿಷಯದಲ್ಲಿ ನಮ್ಮ ಮನೆಯದೇ ಅನುಭವ ಹೇಳಬೇಕು.

ಒಂದು ನೋಟೀಸು

2006ರಲ್ಲಿ ನಮ್ಮ ತಂದೆ ಹತ್ತು ವರ್ಷ ಓಡಿಸಿದ ಮಾರುತಿ 800ನ್ನು ಪಾಂಡವಪುರದಲ್ಲಿ ಒಬ್ಬ ಮಧ್ಯವರ್ತಿಯ ಮೂಲಕ ಮಾರಿದರು. ಕೇಳಿದ ಬೆಲೆ ಕೈಗೆ ಬಂದಿತು. ಮಧ್ಯವರ್ತಿ ಕೆಲವು ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಂಡು, ‘ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ’ ಎಂದ. ತಂದೆ ನಂಬಿದರು. ನಾನೂ ಪಕ್ಕದಲ್ಲೇ ನಿಂತಿದ್ದೆ, ಏನೂ ಕೇಳಲಿಲ್ಲ.

ಮೂರು ವರ್ಷದ ಮೇಲೆ ನ್ಯಾಯಾಲಯದಿಂದ ನೋಟೀಸು ಬಂದಿತು. ಆ ಕಾರು ಒಬ್ಬ ಸೈಕಲ್ ಸವಾರರಿಗೆ ಬಡಿದಿತ್ತು. ಅವರ ಕಾಲು ಮುರಿದಿತ್ತು. ಕಾಗದದಲ್ಲಿ ಕಾರಿನ ಮಾಲೀಕರು ಇನ್ನೂ ನಮ್ಮ ತಂದೆಯೇ! ಅವರು ಎರಡು ವರ್ಷ ಕೋರ್ಟಿಗೆ ಅಲೆದರು. ಕಾರಿನ ವಿಮೆ ಚಾಲ್ತಿಯಲ್ಲಿದ್ದುದರಿಂದ ಪರಿಹಾರವನ್ನು ವಿಮಾ ಕಂಪನಿ ಕೊಟ್ಟಿತು. ಇಲ್ಲದಿದ್ದರೆ ಗದ್ದೆ ಮಾರಬೇಕಾಗಿತ್ತು. ಆದರೆ ತಂದೆಯನ್ನು ಕಾಡಿದ್ದು ಅದಲ್ಲ. ಕೋರ್ಟಿನ ವರಾಂಡದಲ್ಲಿ ಊರುಗೋಲು ಹಿಡಿದು ಕುಳಿತಿದ್ದ ಆ ಮನುಷ್ಯರ ದೃಷ್ಟಿಯಲ್ಲಿ ತಾವೇ ಅಪರಾಧಿಯಾಗಿದ್ದುದು ಅವರನ್ನು ಕಾಡಿತು.

ಇದು ನಮ್ಮೊಬ್ಬರ ಕಥೆಯಲ್ಲ. 2007ರಲ್ಲಿ ಮಾರಾಟವಾದ ಒಂದು ಕಾರು ಕೈಯಿಂದ ಕೈಗೆ ದಾಟುತ್ತ ಹೋಗಿ 2009ರಲ್ಲಿ ಅಪಘಾತಕ್ಕೆ ಕಾರಣವಾಯಿತು. ವಿಮೆ ಇರಲಿಲ್ಲ. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರ ಫೆಬ್ರವರಿ 6ರಂದು ತೀರ್ಪು ನೀಡಿತು. ನೋಂದಣಿಯಲ್ಲಿ ಯಾರ ಹೆಸರು ಇದೆಯೋ ಅವರೇ ಕಾನೂನಿನ ಕಣ್ಣಿನಲ್ಲಿ ಮಾಲೀಕರು, ಪರಿಹಾರದ ಹೊಣೆಯೂ ಅವರದೇ. ಗಾಯಗೊಂಡವರು ನಿಜವಾದ ಮಾಲೀಕನನ್ನು ಹುಡುಕುತ್ತ ಒಬ್ಬರಿಂದ ಒಬ್ಬರಿಗೆ ಅಲೆಯುವಂತಾಗಬಾರದು ಎಂಬುದು ಅದರ ತರ್ಕ. ಮಾರಿದವರಿಗೆ ಕಠಿಣವೆನಿಸಿದರೂ ರಸ್ತೆಯಲ್ಲಿ ಬಿದ್ದವರ ಕಡೆಯಿಂದ ನೋಡಿದರೆ ನ್ಯಾಯವೆನಿಸುತ್ತದೆ.

ಮಾರಾಟ ಯಾವಾಗ ಮುಗಿಯುತ್ತದೆ?

ಎತ್ತಿನ ಹಗ್ಗ ಕೈ ಬದಲಾದರೆ ವ್ಯಾಪಾರ ಮುಗಿಯಿತು. ಕಾರಿನ ಕೀಲಿ ಕೈ ಬದಲಾದರೆ ಮುಗಿಯುವುದಿಲ್ಲ. ಫಲಕದ ಮೇಲೆ ಮಂಡ್ಯದ ಕೆಎ 11 ಇರಲಿ, ನಾಗಮಂಗಲದ ಕೆಎ 54 ಇರಲಿ, ಆ ಸಂಖ್ಯೆಯ ಹಿಂದೆ ಸಾರಿಗೆ ಕಚೇರಿಯ ದಾಖಲೆಯಲ್ಲಿ ಒಬ್ಬರ ಹೆಸರಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಪ್ರಕರಣದಂತೆ, ರಾಜ್ಯದೊಳಗೇ ಮಾರಿದವರು 14 ದಿನಗಳೊಳಗೆ ವರದಿ ಮಾಡಬೇಕು. ಕೊಂಡವರು 30 ದಿನಗಳೊಳಗೆ ತಿಳಿಸಬೇಕು. ಇದಕ್ಕೆ ಫಾರಂ 29 ಮತ್ತು 30. ಕಾರಿನ ಮೇಲೆ ಸಾಲವಿದ್ದರೆ ಅದು ತೀರಿದ್ದಕ್ಕೆ ಫಾರಂ 35. 2023ರ ಏಪ್ರಿಲ್ 1ರಿಂದ ಬಂದ ನಿಯಮದಂತೆ, ಅಧಿಕೃತ ವ್ಯಾಪಾರಿಗೆ ಕಾರು ಒಪ್ಪಿಸಿದ ಸಂಗತಿಯನ್ನು ಜಾಲತಾಣದಲ್ಲಿ ದಾಖಲಿಸಿದರೆ, ಅದು ಮುಂದಕ್ಕೆ ಮಾರಾಟವಾಗುವವರೆಗೆ ಆ ವ್ಯಾಪಾರಿಯೇ ಮಾಲೀಕನೆಂದು ಪರಿಗಣಿಸಲಾಗುತ್ತದೆ.

ಆದ್ದರಿಂದ ಯಾವ ದಾರಿ ಮೇಲೆಂದು ಕೇಳಿದರೆ ನನ್ನ ಉತ್ತರ ಇಷ್ಟು: ಬೆಲೆ ಹೆಚ್ಚು ಬೇಕಾದರೆ ಪರಿಚಯ ಅಥವಾ ಜಾಹೀರಾತು, ಸಮಯ ಇಲ್ಲದಿದ್ದರೆ ವ್ಯಾಪಾರಿ. ದಾರಿ ಯಾವುದೇ ಇರಲಿ, ಹೆಸರು ಬದಲಾಗುವುದನ್ನು ಕಣ್ಣಾರೆ ನೋಡದೆ ಬಿಡಬಾರದು.

ವಿದ್ಯಾರ್ಥಿಗಳೇ, ಒಂದು ಚಿಕ್ಕ ಕೆಲಸ ಮಾಡಿರಿ. ನಿಮ್ಮ ಮನೆಯ ಹಿರಿಯರೊಬ್ಬರನ್ನು ಅವರು ಮಾರಿದ ಎತ್ತು, ಸ್ಕೂಟರು ಅಥವಾ ಕಾರಿನ ಬಗ್ಗೆ ಕೇಳಿರಿ. ಯಾರಿಗೆ ಮಾರಿದರು, ಬೆಲೆ ಹೇಗೆ ಕುದುರಿತು ಎಂದು ಬರೆದಿಟ್ಟುಕೊಳ್ಳಿರಿ. ಕೊನೆಗೆ, ಹೆಸರು ಬದಲಾಯಿತೇ ಎಂದೂ ಕೇಳಿರಿ. ಇಲ್ಲವೆಂದರೆ ಅವರೊಡನೆ ಸಾರಿಗೆ ಕಚೇರಿಗೆ ಹೋಗಿ ಬನ್ನಿ. ನಮ್ಮ ತಂದೆಯ ಪಕ್ಕದಲ್ಲಿ ನಿಂತಿದ್ದ ದಿನ ನಾನು ಆ ಪ್ರಶ್ನೆ ಕೇಳಬೇಕಾಗಿತ್ತು.